ಇನ್ನೂರು ಹಾಸಿಗೆ, ಒಂದು ಲೀಟರ್ ಹಾಲು

ಮಾರ್ಚ್ 4, 2024. ಬೆಳಿಗ್ಗೆ 8.30, ಆಫೀಸು
ಹ್ಯಾರಿಸನ್‌ನಿಂದ ಟ್ರೈನಿನಲ್ಲಿ ಇವತ್ತೂ ನಿಂತೇ ಬಂದೆ. ಮೇಜಿನ ಮೇಲೆ ಮತ್ತದೇ ಫೈಲು — ಲುವೆಂಬೊ ಗಣರಾಜ್ಯದ ಹೆರಿಗೆ ಆಸ್ಪತ್ರೆ, ಇನ್ನೂರು ಹಾಸಿಗೆ. ಹನ್ನೊಂದು ಸಲ ಉದ್ಘಾಟನೆಯಾಗಿದೆ. ಹನ್ನೊಂದು ಫೋಟೊದಲ್ಲೂ ಮಂತ್ರಿ, ರಿಬ್ಬನ್ನು, ಬ್ರಿಟಿಷ್ ಗವರ್ನರ್ ಬಿಟ್ಟುಹೋದ ಬೆಳ್ಳಿ ಕತ್ತರಿ. ಆಸ್ಪತ್ರೆ ಒಂದರಲ್ಲೂ ಇಲ್ಲ. "ಕಟ್ಟಡ ಪೂರ್ಣ" ಎಂದು ಇಂಜಿನಿಯರ್ ಸಹಿ ಬೇಕು. ಅಂದರೆ ನನ್ನದು. ಹಾಕಿದರೆ ನೆರವು ಕೊಟ್ಟವರು ಫೈಲು ಮುಚ್ಚುತ್ತಾರೆ. ಅಲ್ಲಿನ ಬಸುರಿಯರಿಗೆ ಅರವತ್ತು ಮೈಲಿ ಲಾರಿ ಪ್ರಯಾಣವೇ ಕಾಯಂ.

ಬಾಸ್ ವಿಜಯ್: "ವೀರಾ, ಡಾಕ್ಯುಮೆಂಟ್ಸ್ ಎಲ್ಲಾ ಪರ್ಫೆಕ್ಟಾಗಿದೆ. ಸೈನ್ ಮಾಡಿ ಕಳಿಸ್ಬಿಡಿ ಪ್ಲೀಸ್."

"ಕಟ್ಟಡ ನೋಡ್ದೆ ಹಾಕಲ್ಲ" ಅಂದೆ.

ಮಾರ್ಚ್ 6
ಮಂತ್ರಿಯ ಫೋನು. "ನಿಮಗ್ಯಾಕೆ ತೊಂದರೆ ಮೇಡಂ, ಆಸ್ಪತ್ರೆಯನ್ನೇ ಕಳಿಸಿದ್ದೇವೆ." ನಾಲ್ಕು ಸೂಟ್‌ಕೇಸಿನಲ್ಲಿ! ಇಲ್ಲೇ ಹತ್ತಿರದ ರಾಬಿನ್ಸ್‌ವಿಲ್‌ನ ವೇರ್‌ಹೌಸೊಂದರಲ್ಲಿ ಬಿಚ್ಚಿ ನಿಲ್ಲಿಸುತ್ತಾರಂತೆ. ವಿಜಯ್‌ಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಗ್ರೇಟ್, ಟ್ರಾವೆಲ್ ಸೇವ್ ಆಯ್ತಲ್ಲ!"

ಒಂದು ಷರತ್ತು ಹಾಕಿದೆ — ಒಳಗೆ ಹಾಲು ಉಕ್ಕಿಸಬೇಕು. ಅಪ್ಪ ದಾವಣಗೆರೆಯಲ್ಲಿ ಪಿಡಬ್ಲ್ಯುಡಿ ಇಂಜಿನಿಯರ್. ಹಾಲು ಉಕ್ಕದೆ ಯಾವ ಕಟ್ಟಡಕ್ಕೂ ಸಹಿ ಹಾಕಿದವರಲ್ಲ. ಕಂಟ್ರಾಕ್ಟರುಗಳ ಮುಂದೆ ತಾವೇ ಸ್ಟೌ ಹಚ್ಚುತ್ತಿದ್ದರು. ಮಂತ್ರಿಗೆ ಸಮಾರಂಭ ಅಂದರೆ ಪ್ರಾಣ. "ಹನ್ನೆರಡನೇ ಉದ್ಘಾಟನೆ!" ಎಂದು ತಕ್ಷಣ ಒಪ್ಪಿದ.

ಮಾರ್ಚ್ 9. ಸಂಜೆ 5
ಈಗಷ್ಟೇ ವೇರ್‌ಹೌಸಿನಿಂದ ಬಂದೆ.

ನಾಲ್ಕು ಅಂತಸ್ತು, ಎಲ್ಲಾ ಬಣ್ಣ ಬಳಿದ ಪರದೆ. ಕಿಟಕಿ, ಹಾಸಿಗೆ, ಬಾಗಿಲಲ್ಲಿ ನಿಂತ ಒಬ್ಬ ನರ್ಸ್ — ಎಲ್ಲವೂ ಚಿತ್ರ. ಸ್ಟೌ ಹಚ್ಚಿ ಹಾಲಿಟ್ಟೆ. ಹತ್ತು ನಿಮಿಷ. ಅರ್ಧ ಗಂಟೆ. ಉರಿ ಜೋರಾಗಿಯೇ ಇದೆ, ಹಾಲು ತಣ್ಣಗೆ! "ರಾಷ್ಟ್ರಪತಿಗಳ ಅನುಮತಿ ಬಂದಮೇಲೆ ಉಕ್ಕುತ್ತದೆ" ಎಂದ ಮಂತ್ರಿ.

ಆಗ ಪರದೆಯೊಳಗಿಂದ ಆ ನರ್ಸ್ ಇಳಿದು ಬಂದಳು, ಕೈಯ ಬಣ್ಣ ಒರೆಸಿಕೊಳ್ಳುತ್ತಾ. "ನಾನು ನಯೋಮಿ. ಹನ್ನೊಂದು ವರ್ಷದಿಂದ ಇಲ್ಲಿ ಹೆಡ್ ನರ್ಸ್. ಒಂದು ಮಗುವನ್ನೂ ಎತ್ತಿಕೊಂಡಿಲ್ಲ ಮೇಡಂ. ಇಲ್ಲಿ ಏನೂ ಇಲ್ಲ ಅಂತ ಬರೀರಿ. ಸಾಕ್ಷಿ ನಾನು."

ಬರೆದೆ: "ಕಟ್ಟಡ ಇಲ್ಲ." ಅವಳು ಸಹಿ ಹಾಕಿದಳು, ಹಸಿ ನೀಲಿ ಬಣ್ಣದಲ್ಲಿ. ಮಂತ್ರಿ ಕತ್ತರಿ ಹಿಡಿದು ರಿಬ್ಬನ್ ಹುಡುಕುತ್ತಲೇ ಇದ್ದ. ಗೆದ್ದೆವು! ಜೊತೆಗೆ ಬಂದಿದ್ದ ವಿಜಯ್ ಮುಖ ನೋಡಬೇಕಿತ್ತು.

ಮಾರ್ಚ್ 11
ಕೆಲಸ ಹೋಯಿತು. ಅಪ್ಪ ಇದ್ದಿದ್ದರೆ ಪೇಡ ಹಂಚುತ್ತಿದ್ದರು. ರಿಪೋರ್ಟು ಮಾತ್ರ ನೆರವು ಕೊಟ್ಟವರ ಕೈ ಸೇರಿದೆ. ಬೆಳಿಗ್ಗೆಯೇ ಕಳಿಸಿದ್ದೆ.

ನವೆಂಬರ್ 2, 2025. ಬೆಳಿಗ್ಗೆ 6.10
ಭಾನುವಾರ. ಬ್ರಿಡ್ಜ್‌ವಾಟರ್‌ಗೆ ಡ್ರೈವ್ ಮಾಡಬೇಕಿಲ್ಲ — ಹೊಸ ಕೆಲಸ ಅಲ್ಲಿ. ಲುವೆಂಬೊದಿಂದ ನಯೋಮಿಯ ವಿಡಿಯೊ ಕಾಲ್. ಹಿಂದೆ ಇಟ್ಟಿಗೆ ಗೋಡೆ — ರಿಪೋರ್ಟು ಓದಿ ನೆರವು ಕೊಟ್ಟವರೇ ನಿಂತು ಕಟ್ಟಿಸಿದ ಆಸ್ಪತ್ರೆ. ತಟ್ಟಿ ತೋರಿಸಿದಳು, ಸದ್ದು ಬಂತು! ಹಳೇ ಮಂತ್ರಿ ಜೈಲಿನಲ್ಲಿದ್ದಾನೆ. ದಿನಾ ಬೆಳಿಗ್ಗೆ ತನ್ನ ಸೆಲ್ಲನ್ನು ಉದ್ಘಾಟಿಸುತ್ತಾನಂತೆ.

"ರಿಬ್ಬನ್ ಇಲ್ಲ ಮೇಡಂ. ಬರೀ ಹಾಲು" ಎಂದು ಸ್ಟೌ ಹಚ್ಚಿದಳು.

ಮಗಳು ಅನುಶ್ರೀ ನನ್ನ ಭುಜಕ್ಕೆ ಒರಗಿದ್ದಾಳೆ. "ಅಮ್ಮಾ, ಇಟ್ಸ್ ನಾಟ್ ರೈಸಿಂಗ್!"

"ತಾಳೇ."

ಫೋನಿನಲ್ಲಿ, ಒಳಗೆಲ್ಲೋ, ಒಂದು ಮಗುವಿನ ಅಳು. ನೋಡುತ್ತಲೇ ಬರೆಯುತ್ತಿದ್ದೇನೆ. ಕೆನೆ ನಡುಗಿತು... ಏರಿತು... ನಯೋಮಿ ಕೂಗಿದಳು, ಅನು ಕುಣಿಯುತ್ತಿದ್ದಾಳೆ, ಅಯ್ಯೋ ಅಪ್ಪಾ, ಉಕ್ಕಿ—