ಲೆಕ್ಕಕ್ಕೆ ಬಾರದ ಪೊಂಗಲ್

ಅತ್ತೆ, ನಿಮ್ಮ ಸೊಸೆ ಮಂಜುಳಾ ಮಾಡುವ ನಮಸ್ಕಾರ.

ಮೊಮ್ಮಗಳ ಬಾಣಂತನ ನಾನೇ ಮಾಡಬೇಕು ಎಂದು ನೀವು ಎಷ್ಟು ಸಲ ಹೇಳಿದ್ದಿರಿ... ನೀವು ಕಣ್ಣು ಮುಚ್ಚಿದ ಮೇಲೆ ನಮ್ಮ ರಮ್ಯಾ ಬಸುರಿಯಾದಳು. ಏಳನೇ ತಿಂಗಳಲ್ಲಿ ಕೆ.ಆರ್. ಪುರದ ಗಂಡನ ಮನೆಯಿಂದ ಹಲಸೂರಿಗೆ ಕರೆತಂದೆ. ಆಗಲೇ ಬಸುರಿನ ಶುಗರ್ ಶುರುವಾಗಿತ್ತು. ಅನ್ನ ಅಳೆದು ಬಡಿಸಿದೆ, ಸಂಜೆ ನಡೆಸಿದೆ, ಇನ್ಸುಲಿನ್ನೂ ಚುಚ್ಚಿಕೊಂಡಳು. ಬೆಳಗಿನ ತಿಂಡಿಯಾದ ಮೇಲಿನ ಶುಗರ್ ಮಾತ್ರ ಇಳಿಯಲೇ ಇಲ್ಲ. ಹೀಗೇ ಇದ್ದರೆ ಮಗುವಿನ ಹೃದಯಕ್ಕೆ ತೊಂದರೆ ಎಂದು ಡಾಕ್ಟರ್ ಮೇಡಂ ಹೇಳಿದ ದಿನ ನನಗೆ ಊಟ ಸೇರಲಿಲ್ಲ.

ಆ ಭಾನುವಾರ ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೇ ಪಾಠವಿತ್ತು. ನಗಬೇಡಿ. ಓದು ಮುಗಿಸಿದವರೂ ಹೊಸದು ಕಲಿಯಲು ವರ್ಕ್‌ಶಾಪಿಗೆ ಬರುತ್ತಾರಂತೆ. ಹೊಟ್ಟೆಯೊಳಗಿನ ಮಗುವಿನ ಹೃದಯವನ್ನು ಸ್ಕ್ಯಾನಿನಲ್ಲಿ ನೋಡುವುದು ಹೇಗೆಂದು ದೊಡ್ಡ ಡಾಕ್ಟರೊಬ್ಬರು ತೋರಿಸುವವರಿದ್ದರು. ಅದಕ್ಕೆ ಶುಗರ್ ಇರುವ ಬಸುರಿಯರು ಬೇಕಾಗಿದ್ದರು, ರಮ್ಯಾ ಒಪ್ಪಿದಳು. ದೊಡ್ಡ ಪರದೆಯ ಮೇಲೆ ನಿಮ್ಮ ಮೊಮ್ಮಗಳ ಮಗುವಿನ ಹೃದಯ ಬಡಿಯುತ್ತಿತ್ತು ಅತ್ತೆ. ಅಷ್ಟು ಜನರ ಎದುರು ಕೈ ಮುಗಿಯಬಹುದೋ ಇಲ್ಲವೋ? ಸೆರಗಿನೊಳಗೇ ಮುಗಿದೆ.

"ಹೃದಯದ ನಡುಗೋಡೆ ಸ್ವಲ್ಪ ದಪ್ಪ ಆಗಿದೆಯಮ್ಮಾ," ಎಂದರು ದೊಡ್ಡ ಡಾಕ್ಟರು. "ಶುಗರ್ ಇಳಿದ್ರೆ ಇದೂ ಕಮ್ಮಿಯಾಗತ್ತೆ. ಬೆಳಿಗ್ಗೆ ಏನ್ ತಿಂತೀಯಾ?"

"ಎರಡು ಇಡ್ಲಿ, ಸಾಂಬಾರ್. ಅಷ್ಟೇ ಸರ್."

"ಅದಕ್ಕೂ ಮುಂಚೆ?"

"ಏನಿಲ್ಲ ಸರ್. ಅಮ್ಮನ ಜೊತೆ ದೇವಸ್ಥಾನಕ್ಕೆ ಹೋಗ್ತೀನಿ."

ಪಕ್ಕದಲ್ಲಿ ನಿಂತಿದ್ದ ನರ್ಸ್, ಶಿವಾಜಿನಗರದ ನೂರ್ ಸಿಸ್ಟರ್, ನನ್ನ ಕಡೆ ತಿರುಗಿದರು. "ಧನುರ್ಮಾಸ ಅಲ್ವಾಮ್ಮಾ? ಅಲ್ಲಿ ಏನ್ ಕೊಡ್ತಾರೆ?"

"ಸಿಹಿ ಪೊಂಗಲ್, ಒಂದ್ ದೊನ್ನೆ. ಅದು ಪ್ರಸಾದ ಸಿಸ್ಟರ್, ತಿಂಡಿ ಅಲ್ಲ."

"ಅಯ್ಯೋ ಅಮ್ಮಾ! ಬೆಲ್ಲಕ್ಕೆ ಅದೆಲ್ಲ ಗೊತ್ತಾಗತ್ತಾ? ನಮ್ಮಮ್ಮಂದೂ ಇದೇ ಕಥೆ. ದರ್ಗಾದಲ್ಲಿ ಕೊಟ್ಟ ಸಕ್ಕರೆ ಲೆಕ್ಕಕ್ಕಿಲ್ವಂತೆ!"

ಕಲಿಯಲು ಬಂದವರೆಲ್ಲ ನಕ್ಕರು. ದೊಡ್ಡ ಡಾಕ್ಟರು ನಗಲಿಲ್ಲ. "ಏನ್ ತಿಂದ್ರಿ ಅಂತ ಕೇಳಿದ್ರೆ ಸಾಲದು, ಪ್ರಸಾದ ಏನು ಅಂತಾನೂ ಕೇಳಿ. ಬರ್ಕೊಳ್ಳಿ," ಎಂದು ಅವರಿಗೇ ಹೇಳಿದರು.

ಪ್ರಸಾದ ಬೇಡ ಎನ್ನಬಾರದೆಂದು ನನಗೆ ಕಲಿಸಿದವರು ನೀವು. ಶುಗರ್ ಮಾತ್ರೆ ನುಂಗಿ, ಮೇಲೊಂದು ದೊನ್ನೆ ಖಾಲಿ ಮಾಡುತ್ತಿದ್ದವರು. ನಿಮ್ಮ ಮಾತು ಮೀರಲೇ, ಮಗುವನ್ನು ನೋಡಲೇ... ಮರುದಿನ ಅರ್ಚಕರನ್ನೇ ಕೇಳಿದೆ. "ಕಣ್ಣಿಗೊತ್ಕೊಂಡು ಪಕ್ಕದವ್ರಿಗೆ ಕೊಟ್ಬಿಡಿ. ದೇವ್ರೇನ್ ಬೈಯಲ್ಲಮ್ಮ," ಎಂದರು. ಹಾಗೇ ಮಾಡಿದೆವು. ಸಂಕ್ರಾಂತಿಗೆ ಮೊದಲೇ ಶುಗರ್ ಹತೋಟಿಗೆ ಬಂತು.

ಹೆಣ್ಣು ಮಗು ಹುಟ್ಟಿದೆ ಅತ್ತೆ. ಎದೆಗೆ ಸ್ಕ್ಯಾನಿನ ತಣ್ಣನೆಯ ಜೆಲ್ ಹಚ್ಚಿದ್ದೇ ತಡ, ಸೂರು ಹಾರಿಹೋಗುವ ಹಾಗೆ ಕಿರುಚಿದಳು. ಗೋಡೆಯ ದಪ್ಪ ಇನ್ನು ಚೂರೇ ಚೂರು, ಕೆಲವು ತಿಂಗಳಲ್ಲಿ ಅದೂ ಹೋಗುತ್ತದೆ, ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರು ಡಾಕ್ಟರ್ ಮೇಡಂ. ಆಮೇಲೆ ಕಿವಿ ಮುಚ್ಚಿಕೊಂಡು, "ಈ ಗಂಟಲು ಯಾರದಮ್ಮಾ?" ಎಂದು ಕೇಳಿದರು.

ಹೋದವರ ಬಗ್ಗೆ ಹಾಗೆಲ್ಲ ಹೇಳಬಾರದೆಂದು ನಾನು ಸುಮ್ಮನಿದ್ದೆ. ರಮ್ಯಾನೇ ನಿಮ್ಮ ಹೆಸರು ಹೇಳಿಬಿಟ್ಟಳು.