ಪೂಜೆಯನ್ನು ಬಡಗಣಕ್ಕೆ ಸರಿಸಿದವರಿಗೆ

ಹೊಸಳಿವೆ, ಗುಡ್ಡದ ಮೇಲಿನ ಊರು
ಇಸವಿ ೨೧೯೧, ನೂಲ ಹುಣ್ಣಿಮೆಯ ಹಿಂದಿನ ದಿನ

ನನ್ನ ಅಜ್ಜನ ಅಜ್ಜಂದಿರಾದ ಹಿರಿಯರಿಗೆ, ನಿವೃತ್ತ ಕನ್ನಡ ಅಧ್ಯಾಪಕ ವಾಮನ ಮೊಗವೀರನ ನಮಸ್ಕಾರಗಳು.

ಮೇಲಿನ ತಾರೀಕನ್ನು ಕಂಡು ನೀವು ನಗಬಹುದು. ಕೆಲವು ಪದಗಳು ನಿಮಗೆ ಅಪರಿಚಿತವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಭಾಷೆಯನ್ನು ನಾನು ಕೆಡಿಸಿಲ್ಲ. ನಿಮ್ಮ ಕಾಲದಲ್ಲಿಲ್ಲದ ವಸ್ತುಗಳಿಗೆ ಹೆಸರಿಡುವ ಪಾಡು ನಮ್ಮದಾಯಿತು, ಅಷ್ಟೆ.

ಪಡುವಣದಿಂದ ಬೀಸಿ ಕಡಲಿನ ಕಂದು ನೊರೆಯನ್ನು ಅಂಗಳಕ್ಕೆ ತರುವ ಗಾಳಿಯನ್ನು ನಾವು ನೊರೆಗಾಳಿ ಎನ್ನುತ್ತೇವೆ. ಅದು ಎದ್ದ ದಿನ ಶಾಲೆಗೆ ರಜೆ, ಕಿಟಕಿಗಳಿಗೆ ಒದ್ದೆ ಗೋಣಿ. ಮರಳಿನ ಮೇಲೆ ಉದ್ದಕ್ಕೂ ನೆಟ್ಟ ಕೆಂಪು ಗೂಟಗಳ ಸಾಲು ತಡೆಗೆರೆ. ಅದನ್ನು ದಾಟಿ ನೀರು ಮುಟ್ಟಿದವರು ಮನೆಯೊಳಗೆ ಬರುವ ಮೊದಲು ಔಷಧದ ನೀರಿನಲ್ಲಿ ಮೀಯಬೇಕು. ನಾವು ಉಣ್ಣುವುದು ತೊಟ್ಟಿಮೀನು, ಗುಡ್ಡದ ಮೇಲಿನ ಕಾಂಕ್ರೀಟು ತೊಟ್ಟಿಯಲ್ಲಿ ಬೆಳೆದದ್ದು. ಬಂಗುಡೆ, ಭೂತಾಯಿ ಎಂಬ ಕಡಲಮೀನುಗಳ ಹೆಸರುಗಳನ್ನು ನಾನು ಪಾಠದಲ್ಲಿ ಹೇಳಿಕೊಟ್ಟೆ. ತೋರಿಸಲು ಏನೂ ಇರಲಿಲ್ಲ. ಕಡಲಿನ ಚಿತ್ರ ಬರೆಯಿರಿ ಎಂದರೆ ಮಕ್ಕಳು ಕಂದು ಬಣ್ಣದ ಪೆನ್ಸಿಲಿಗೆ ಜಗಳವಾಡುತ್ತವೆ.

ಇದು ಹೇಗಾಯಿತೆಂದು ಇಲ್ಲಿ ಎಲ್ಲರಿಗೂ ಗೊತ್ತು. ನಿಮ್ಮ ಕಾಲದಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ತೆಂಕು ದಡದಲ್ಲಿ ಒಳಚರಂಡಿ ನೀರಿನ ಶುದ್ಧೀಕರಣ ಘಟಕ ಕಟ್ಟಿದರು. ಅಂದಿನ ಊರಿಗೆ ಅದು ಸಾಕಾಗಿತ್ತು. ಆಮೇಲೆ ವಸತಿಗೃಹಗಳು ಬಂದವು, ಮೀನು ಸಂಸ್ಕರಿಸುವ ಕಾರ್ಖಾನೆಗಳು ಬಂದವು. ಘಟಕ ಮಾತ್ರ ಬೆಳೆಯಲಿಲ್ಲ. ಮಳೆಗಾಲದಲ್ಲಿ ಅದು ತುಂಬಿದಾಗ ತೂಬು ತೆರೆದು ಎಲ್ಲವನ್ನೂ ಹಾಗೆಯೇ ಕಡಲಿಗೆ ಬಿಟ್ಟರು. ನೂಲ ಹುಣ್ಣಿಮೆಯ ಸಮುದ್ರಪೂಜೆ ಬರುವುದೂ ಅದೇ ಮಳೆಗಾಲದಲ್ಲಿ. ಕೂಟದ ಮುಖ್ಯಸ್ಥನಾದ ಗುರಿಕಾರನು ಮೊಣಕಾಲುದ್ದ ನೀರಿಗಿಳಿದು, ಹಾಲೆರೆದು, ತೆಂಗಿನಕಾಯಿಯನ್ನು ಕೈಯಾರೆ ಅಲೆಗೆ ಬಿಟ್ಟರೇ ದೋಣಿಗಳು ಹೊರಡುವ ಪದ್ಧತಿ. ಅಲ್ಲಿ ನಾತ ತಡೆಯಲಾಗದೆ ನೀವು ಕೂಟ ಸೇರಿದಿರಿ. ಯಾರೋ ಒಬ್ಬರು ಉತ್ತರ ದಿಕ್ಕಿಗೆ ಕೈ ತೋರಿಸಿ, "ಈ ವರ್ಷ ಸಲ್ಪ ಬಡ್ಗಿಗ್ ಹೋಪ," ಎಂದರು. ಎಲ್ಲರೂ ಒಪ್ಪಿದಿರಿ.

ನಿಮ್ಮ ತಪ್ಪು ಇದೇ. ನೀವು ಕೊಳಕನ್ನು ಸರಿಸಲಿಲ್ಲ, ಪೂಜೆಯನ್ನು ಸರಿಸಿದಿರಿ. ಅಳಿವೆಯಿಂದ ದೋಣಿಕಟ್ಟೆಗೆ, ನಿಮ್ಮ ಮಕ್ಕಳ ಕಾಲಕ್ಕೆ ಕಟ್ಟೆಯಿಂದ ಹೊಯಿಗೆದಿಣ್ಣೆಗೆ, ಮೊಮ್ಮಕ್ಕಳ ಕಾಲಕ್ಕೆ ಕಾಗೆಬಂಡೆಯ ಬುಡಕ್ಕೆ. ಕಡಲಮ್ಮನಿಗೆ ಅಪಚಾರವಾಗದಂತೆ ನೋಡಿಕೊಂಡೆವೆಂಬ ಸಮಾಧಾನದಲ್ಲಿ ಪ್ರತಿ ತಲೆಮಾರೂ ಮನೆಗೆ ಮರಳಿತು. ತೂಬಿನ ಬಾಯಿ ಇದ್ದಲ್ಲೇ ಇತ್ತು, ಪ್ರತಿ ಮಳೆಗಾಲವೂ ತೆರೆಯುತ್ತಿತ್ತು. ಕಾಗೆಬಂಡೆಯ ಆಚೆಗೆ ದಡವಿಲ್ಲ.

ಈಗಿನ ಗುರಿಕಾರ ಸಾಧು ನನ್ನ ಶಿಷ್ಯ. ಅವನ ತಂದೆ ಪದ್ಧತಿ ಬಿಡಲಾರದೆ ಆ ಬಂಡೆಯ ಬುಡದಲ್ಲಿ ಬರಿಗಾಲಲ್ಲಿ ಇಳಿದರು. ಕಾಲಿನ ಹುಣ್ಣು ಮಾಯಲಿಲ್ಲ, ದೀಪಾವಳಿಯನ್ನು ಅವರು ಕಾಣಲಿಲ್ಲ. ಈ ವರ್ಷ ಸರದಿ ಸಾಧುವಿನದು. ನಿನ್ನೆ ಕೂಟದಲ್ಲಿ ನಾನು ಪದ್ಧತಿಯ ಪರವಾಗಿ ಎದ್ದು ನಿಂತು ಮಾತನಾಡತೊಡಗಿದೆ. ತೊಟ್ಟಿಮೀನು ಮಾರುವ ಅಕ್ಕಯ್ಯ ಹಿಂದಿನಿಂದ ಕೂಗಿದಳು: "ಹ್ವಾಯ್ ಮಾಷ್ಟ್ರೆ, ಭಾಷಣ ಸಾಕ್. ಅಷ್ಟ್ ಆಸೆ ಇದ್ರೆ ನೀವೇ ಇಳೀನಿ!" ಜನ ನಕ್ಕರು. ಸಾಧು ನಗಲಿಲ್ಲ. "ಇನ್ನೆಲ್ಲಿಗ್ ಹೋಪುದ್ ಮಾಷ್ಟ್ರೆ? ಮುಂದೆ ಬಂಡೆ, ಹಿಂದೆ ಹೊಲ್ಸು. ನಂಗೂ ಮಕ್ಕಳಿದ್ದೊ," ಎಂದು ಕುಳಿತುಬಿಟ್ಟ. ನಾನೂ ಕುಳಿತೆ.

ಆದ್ದರಿಂದ ನಾಳೆಯ ಪೂಜೆ ಗುಡ್ಡದ ಮೇಲೆ. ತಾಮ್ರದ ಕೊಪ್ಪರಿಗೆಯಲ್ಲಿ ಬಾವಿನೀರು ತುಂಬಿ, ಉಪ್ಪು ಕದಡಿ, ಅದಕ್ಕೆ ಹಾಲೆರೆದು ಕಾಯಿ ಬಿಡುತ್ತಾರೆ. ಸಾಧುವಿನ ಹೆಂಡತಿ ಇಂದು ಬೆಳಿಗ್ಗೆಯೇ ಆ ಕೊಪ್ಪರಿಗೆಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿ ಬೆಳಗಿಟ್ಟಿದ್ದಾಳೆ. ಗಂಡ ಉಳಿದನಲ್ಲ ಎಂದು ಅವಳ ಮುಖದಲ್ಲಿ ಗೆಲುವಿತ್ತು. ಅವಳನ್ನು ಹೇಗೆ ಆಕ್ಷೇಪಿಸಲಿ?

ಹಿರಿಯರೇ, ನನ್ನದೊಂದೇ ಕೋರಿಕೆ. ಸ್ವಲ್ಪ ಬಡಗಣಕ್ಕೆ ಹೋಗೋಣ ಎಂದು ಆ ಕೂಟದಲ್ಲಿ ಯಾರಾದರೂ ಹೇಳಿದಾಗ ನೀವು ಎದ್ದು ನಿಂತು ಬೇಡವೆನ್ನಿ. ಪೂಜೆ ಅಲ್ಲೇ, ಆ ತೂಬಿನ ಬಾಯಲ್ಲೇ ನಡೆಯಲಿ. ಇಂಜಿನಿಯರರನ್ನು ಕರೆಯಿರಿ, ಶಾಸಕರನ್ನು ಕರೆಯಿರಿ, ವಸತಿಗೃಹದ ಮಾಲೀಕರನ್ನು ಕರೆಯಿರಿ. ಪಂಚೆ ಎತ್ತಿಕಟ್ಟಿಸಿ ಮೊಣಕಾಲುದ್ದ ಇಳಿಸಿ, ಅವರ ಕೈಯಿಂದಲೇ ಹಾಲೆರೆಸಿ. ಘಟಕ ದೊಡ್ಡದಾಗುವವರೆಗೆ ವರ್ಷವರ್ಷವೂ ಇಳಿಸಿ.

ನೀವು ಹಾಗೆ ಮಾಡಲಿಲ್ಲ ಎಂಬುದಕ್ಕೆ ಈ ಗುಡ್ಡದ ಮೇಲೆ ಕುಳಿತಿರುವ ನಾನೇ ಸಾಕ್ಷಿ. ಆದರೂ ಬರೆದೆ. ಹೊರಗೆ ಕೊಪ್ಪರಿಗೆಗೆ ನೀರು ಹೊಯ್ಯುತ್ತಿದ್ದಾರೆ. ಉಪ್ಪು ಎಷ್ಟು ಹಾಕಬೇಕೆಂದು ಯಾರಿಗೂ ತಿಳಿಯದೆ ನನ್ನನ್ನು ಕರೆಯುತ್ತಿದ್ದಾರೆ. ಕಡಲಿನ ನೀರನ್ನು ನಾನೂ ಬಾಯಿಗೆ ಹಾಕಿಕೊಂಡವನಲ್ಲ.

ಇಂತು,
ವಾಮನ ಮೊಗವೀರ