ತಮ್ಮನ ಪಾಲಿನ ತೆನೆ

ಪಡೀಲ್, ಮಂಗಳೂರು
12 ಸೆಪ್ಟೆಂಬರ್ 2025, ಶುಕ್ರವಾರ

ಪ್ರೀತಿಯ ತಮ್ಮ ರೂಡಿಗೆ,

ನಿನ್ನ ಅಕ್ಕ ಗೆರ್ಟ್ರೂಡ್ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ನೀನು ಇದನ್ನು ಎರಡು ದಿನ ಒಡೆಯದೆ ಇಟ್ಟಿದ್ದರೂ ನನಗೆ ಬೇಸರವಿಲ್ಲ. ಒಡೆದದ್ದಕ್ಕೆ ದೇವರು ನಿನಗೆ ಒಳ್ಳೆಯದು ಮಾಡಲಿ. ಹೇಗಿದ್ದೀ? ಮಳೆಗಾಲ ಬಂತೆಂದರೆ ನಿನಗೆ ಉಬ್ಬಸ ಏಳುತ್ತಿತ್ತು, ನಾನು ಎದೆಗೆ ಕರ್ಪೂರದ ಎಣ್ಣೆ ಉಜ್ಜುತ್ತಿದ್ದೆ. ನಾಗಪುರದ ಹವೆ ಒಣ ಎನ್ನುತ್ತಾರೆ, ಅಲ್ಲಿ ಕಡಿಮೆಯಾಗಿರಬಹುದು. ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು. ಅವಳ ಹೆಸರು ಗೊತ್ತಿಲ್ಲದೆ ಹೀಗೆ ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಮಗುವಿನ ಹೆಸರು ಟಾನ್ಯಾ ಎಂಬುದು ಮಾತ್ರ ಗೊತ್ತು. ಮನೆಮಾತು ಕೊಂಕಣಿಯಾದರೂ ಬರೆಯಲು ಕುಳಿತರೆ ನನ್ನ ಕೈ ಶಾಲೆಯ ಕನ್ನಡಕ್ಕೇ ಹೋಗುತ್ತದೆ. ನಿನಗೆ ಸ್ಲೇಟಿನಲ್ಲಿ ಅಕ್ಷರ ತಿದ್ದಿಸಿದ್ದೂ ನಾನೇ, ಓದುವುದು ಕಷ್ಟವಾಗಲಿಕ್ಕಿಲ್ಲ.

ಅಮ್ಮ ಇದ್ದಾಳೆ. ಎಪ್ಪತ್ತೊಂಬತ್ತು ತುಂಬಿತು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ನೆರಳು ಕಾಣುತ್ತದೆ. ಕಾಲು ಮನೆಯೊಳಗೆ ಮಾತ್ರ. ಬಾಯಿ ಮೊದಲಿನ ಹಾಗೆಯೇ ಉಂಟು. ನಾನು ಈಗಲೂ ಕೊಡಿಯಾಲ್‌ಬೈಲಿನ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತೇನೆ. ಬೆಳಿಗ್ಗೆ ಐದೂವರೆಯ ಬಸ್ಸು, ಮಧ್ಯಾಹ್ನದ ಊಟ ಬಡಿಸಿ ಹಿಂದೆ. ಅಷ್ಟು ಹೊತ್ತು ಅಮ್ಮನನ್ನು ನೋಡಿಕೊಳ್ಳುವುದು ನೀನು ಹೋದ ಮೇಲೆ ಪಕ್ಕದ ಮನೆಗೆ ಬಂದಿರುವ ಆಸ್ಯಮ್ಮ. ಬ್ಯಾರಿ ಹೆಂಗಸು, ಗಂಡ ಇಲ್ಲ, ಮಕ್ಕಳು ಸೌದಿಯ ದಮ್ಮಾಮಿನಲ್ಲಿ. ಇಬ್ಬರೂ ಬಾಗಿಲಲ್ಲಿ ಕುಳಿತು ಊರಿನ ಮೀನುಗಾರರೆಲ್ಲ ಹೇಗೆ ಮೋಸ ಮಾಡುತ್ತಾರೆಂದು ಮಾತಾಡುತ್ತಾರೆ. ನೂರಿಪ್ಪತ್ತು ಜನಕ್ಕೆ ಬೇಯಿಸಿ ಮನೆಗೆ ಬಂದು ಎರಡು ತಟ್ಟೆ ಇಡುವಾಗ ನನಗೆ ಕೈ ಖಾಲಿ ಎನಿಸುತ್ತದೆ. ಅದು ಇರಲಿ.

ಹೇಳಬೇಕಾದದ್ದಕ್ಕೆ ಬರುತ್ತೇನೆ. ನಾಲ್ಕು ದಿನದಿಂದ ಪೆನ್ನು ಹಿಡಿದು ಬಿಡುತ್ತಿದ್ದೇನೆ.

ಆಗಸ್ಟ್ ಹದಿನೈದರಂದು ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಝೇವಿಯರ್ ಮಾಮನ ಮಗ ಕ್ಯಾಲ್ವಿನ್ ಸಿಕ್ಕಿದ. ಕೆಲಸದ ಮೇಲೆ ನಾಗಪುರಕ್ಕೆ ಹೋಗಿದ್ದನಂತೆ, ನಿನ್ನ ಮನೆಯಲ್ಲಿ ಎರಡು ದಿನ ಇದ್ದನಂತೆ. ನೀನು ಶಾಲೆಯಲ್ಲಿ ಗಣಿತ ಕಲಿಸುವುದನ್ನು ಹೇಳಿದ. ಮಗಳು ನಿನ್ನ ಹಾಗೆಯೇ ಹುಬ್ಬು ಗಂಟಿಕ್ಕುತ್ತಾಳೆ ಎಂದ. ಆಮೇಲೆ ನಗುತ್ತಾ ಹೇಳಿದ: "ಅಕ್ಕಾ, ನಿಮ್ಮ ತಮ್ಮ ಎಂತ ಮಾಡ್ತಾನೆ ಗೊತ್ತುಂಟಾ? ಮೊಂತಿ ಹಬ್ಬದ ದಿನ ಅಂಗಡಿಯ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೆ ಹಾಕ್ತಾನಂತೆ. ಇದು ಅಜ್ಜಿ ಪೋಸ್ಟಲ್ಲಿ ಕಳಿಸಿದ ಹೊಸ ಅಕ್ಕಿ ಅಂತ ಮಗುವಿಗೆ ಹೇಳ್ತಾನಂತೆ. ಪಾದ್ರಿ ಆಗಬೇಕಿದ್ದವ ಹೀಗೆ ಸುಳ್ಳು ಹೇಳಿದರೆ ಹೇಗೆ ಮಾರಾಯ್ತಿ!"

ಅವನು ತಮಾಷೆಗೆ ಹೇಳಿದ್ದು. ರೂಡಿ, ನೀನು ಮಗುವಿಗೆ ಹೇಳಿದ್ದು ಸುಳ್ಳಲ್ಲ. ಅಮ್ಮ ಪ್ರತಿ ವರ್ಷ ಕಳಿಸಿದ್ದಾಳೆ. ಪೋಸ್ಟಿಗೆ ಹಾಕದವಳು ನಾನು.

ನೀನು ಸೆಮಿನರಿ ಬಿಟ್ಟು ಬಂದು, ಊರನ್ನೂ ಬಿಟ್ಟು ಹೋದ ವರ್ಷದಿಂದ ಹೇಳುತ್ತೇನೆ. ಮೊಂತಿ ಹಬ್ಬಕ್ಕೆ, ಮರಿಯಮ್ಮ ಹುಟ್ಟಿದ ದಿನ, ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟದ್ದನ್ನು ಅಮ್ಮ ಮನೆಯಲ್ಲಿ ಉಗುರಿನಿಂದ ಬಿಡಿಸಿದಳು. ಮೂರು ಪಾಲು. ಒಂದು ತನಗೆ, ಒಂದು ನನಗೆ, ಒಂದು ನಿನಗೆ. ಆಗಸ್ಟಿನ ಕ್ಯಾಲೆಂಡರ್ ಹಾಳೆ ಹರಿದು ನಿನ್ನದನ್ನು ಅದರಲ್ಲಿ ಕಟ್ಟಿದಳು. "ರೂಡಿಯದು ಸ್ವಲ್ಪ ಹೆಚ್ಚು ಇರಲಿ, ದಾರಿಯಲ್ಲಿ ಉದುರಿದರೂ ಉಳೀಬೇಕು," ಎಂದಳು. ಮನೆಯವರು ಎಷ್ಟು ದೂರ ಇದ್ದರೂ ಅವರ ಪಾಲಿನ ಕಾಳು ಅವರಿಗೆ ಹೋಗಬೇಕು, ತಿಂದರೆ ಇನ್ನೂ ನಾವು ಒಂದೇ ಮನೆ. ಅದು ನಿನಗೆ ನಾನು ಹೇಳಿಕೊಡಬೇಕಾದದ್ದಲ್ಲ. ನಾನು ಪೊಟ್ಟಣ ತೆಗೆದುಕೊಂಡೆ. ಆಯ್ತಮ್ಮ ಎಂದೆ. ಬ್ಯಾಗಿನಲ್ಲಿಟ್ಟು ಒಂದು ವಾರ ಹಾಸ್ಟೆಲಿಗೆ ಹೋಗಿ ಬಂದೆ. ಅಂಚೆ ಪೆಟ್ಟಿಗೆ ದಾರಿಯಲ್ಲೇ ಇತ್ತು. ಕೈ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾನೇ ಹಾಕಲಿಲ್ಲ. ಇವನು ದೇವರ ಕೆಲಸ ಬಿಟ್ಟು ಬಂದವನು, ಇವನಿಗೆ ಆಶೀರ್ವಾದದ ಕಾಳು ಯಾಕೆ ಎಂದುಕೊಂಡೆ. ಎಸೆಯಲಿಕ್ಕೂ ಆಗಲಿಲ್ಲ, ಪಾದ್ರಿಗಳ ಕೈಯಿಂದ ಬಂದದ್ದಲ್ಲವಾ. ನೀನು ಕೊನೆಯ ಕ್ರಿಸ್‌ಮಸ್‌ಗೆ ತಂದಿದ್ದ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ನಮ್ಮ ಮನೆಯ ಆಲ್ತಾರಿನ ಹಿಂದೆ, ಯೇಸುವಿನ ಚಿತ್ರದ ಬೆನ್ನಿಗೆ ಇಟ್ಟೆ. ಮರುವರ್ಷ ಇನ್ನೊಂದು ಪೊಟ್ಟಣ. ಅದರ ಮರುವರ್ಷ ಮತ್ತೊಂದು. ಏಳು ಆಗಸ್ಟ್ ಹಾಳೆಗಳು ಆ ಡಬ್ಬಿಯಲ್ಲಿವೆ.

ಇನ್ನೊಂದೂ ಉಂಟು. ನೀನು ಮೊದಲ ವರ್ಷ ಫೋನ್ ಮಾಡಿ "ಅಮ್ಮನಿಗೆ ಕೊಡು ಅಕ್ಕಾ" ಎಂದಾಗ ನಾನು "ನಿನ್ನ ಸ್ವರ ಕೇಳುವುದು ಬೇಡ ಅಂತ ಅಮ್ಮನೇ ಹೇಳಿದ್ದಾಳೆ" ಎಂದು ಕಟ್ ಮಾಡಿದೆ. ಆಗ ಅಮ್ಮ ಹಿತ್ತಲಲ್ಲಿ ಹರಿವೆ ಕೊಯ್ಯುತ್ತಿದ್ದಳು, ಅವಳಿಗೆ ಏನೂ ಗೊತ್ತಿಲ್ಲ. ಇಷ್ಟು ವರ್ಷ ಅವಳು "ಅವನು ಬರೆದನಾ?" ಎಂದು ಕೇಳಿದಾಗಲೆಲ್ಲ ಕೆಲಸ ಜಾಸ್ತಿಯಂತೆ ಎಂದು ನಾನು ಹೇಳಿದ್ದೇನೆ. ತನ್ನ ಮೇಲೆ ನಿನಗೆ ಕೋಪವೆಂದು ಅವಳು ತಿಳಿದಿದ್ದಾಳೆ. ಅವಳಿಗೆ ನೀನು ಬೇಡವೆಂದು ನೀನು ತಿಳಿದಿದ್ದೀ. ನಡುವೆ ನಾನು ದಿನಾ ಸಂಜೆ ಜಪಮಾಲೆ ಹಿಡಿದು ತೇರ್ಸ್ ಹೇಳಿಕೊಂಡು ಇದ್ದೆ.

ಯಾಕೆ ಹೀಗೆ ಮಾಡಿದೆ ಎಂದು ನೀನು ಕೇಳಬಹುದು. ದೇವರ ಮೇಲಿನ ಭಕ್ತಿಯಿಂದ ಎಂದು ನನಗೇ ನಾನು ಹೇಳಿಕೊಂಡಿದ್ದೆ. ಅಲ್ಲ. ನೀನು ಪಾದ್ರಿಯಾಗಿ ಮಾಡುವ ಮೊದಲ ಪೂಜೆಗೆಂದು ನಾನು ಕೆನೆಬಣ್ಣದ ಸೀರೆ ತೆಗೆದಿಟ್ಟಿದ್ದೆ, ನಿನಗೆ ಗೊತ್ತಿರಲಿಲ್ಲ. ನನಗೆ ಎರಡು ಸಂಬಂಧ ಬಂದಿತ್ತು, ಎರಡನ್ನೂ ಬೇಡವೆಂದೆ. ಪಾದ್ರಿಯ ಅಕ್ಕ ಎಂದು ಎದುರಿನ ಬೆಂಚಿನಲ್ಲಿ ಕುಳಿತುಕೊಳ್ಳುವೆ, ಆಮೇಲೆ ಇಗರ್ಜಿಯ ಪಕ್ಕದ ನಿನ್ನ ಬಂಗ್ಲೆಯಲ್ಲಿ ಅಡುಗೆ ಮಾಡಿಕೊಂಡಿರುವೆ, ಜೀವನಕ್ಕೆ ಅಷ್ಟು ಸಾಕು ಎಂದು ಎಣಿಸಿದ್ದೆ. ನೀನು ಚೀಲ ಹಿಡಿದು ಬಾಗಿಲಲ್ಲಿ ನಿಂತು "ನನಗೆ ಆ ಕರೆ ಇಲ್ಲ ಅಕ್ಕಾ, ಇದ್ದಂತೆ ನಟಿಸಲಿಕ್ಕೆ ಆಗುವುದಿಲ್ಲ" ಎಂದಾಗ ನನಗೆ ದೇವರು ನೆನಪಾಗಲಿಲ್ಲ, ಎದುರಿನ ಬೆಂಚು ನೆನಪಾಯಿತು. ನೀನು ಸತ್ಯ ಹೇಳಿದ್ದಕ್ಕೆ ನಾನು ನಿನಗೆ ಶಿಕ್ಷೆ ಕೊಟ್ಟೆ.

ಇಷ್ಟು ವರ್ಷವೂ ಪ್ರತಿ ತಿಂಗಳು ಮೊದಲ ಶುಕ್ರವಾರ ಕುಮ್ಸಾರಿಗೆ ಹೋಗಿದ್ದೇನೆ. ಪಾದ್ರಿಗಳ ಕಿವಿಯಲ್ಲಿ ಎಂತ ಪಾಪ ಹೇಳುತ್ತಿದ್ದೆ ಗೊತ್ತಾ? ಹಾಸ್ಟೆಲಿನ ಹುಡುಗಿಯರಿಗೆ ಬೈದದ್ದು, ಪೂಜೆಗೆ ತಡವಾದದ್ದು, ಆಸ್ಯಮ್ಮನ ಕೋಳಿಗೆ ಕಲ್ಲು ಹೊಡೆದದ್ದು. ಇದೊಂದು ಪಾಪದ ಲೆಕ್ಕದಲ್ಲೇ ಇರಲಿಲ್ಲ. ಕ್ಯಾಲ್ವಿನ್ ಹೇಳಿದ ಮೇಲೆ ತೇರ್ಸಿಗೆ ಮೊಣಕಾಲೂರಿದರೆ ಬಾಯಿ ಕಟ್ಟುತ್ತಿತ್ತು. ಎದುರಿಗೆ ಯೇಸುವಿನ ಚಿತ್ರ, ಅದರ ಹಿಂದೆ ಡಬ್ಬಿ. ಪ್ರಸಾದ ತೆಗೆದುಕೊಳ್ಳಲು ಸಾಲಿನಲ್ಲಿ ನಿಂತವಳು ನಡುವಿನಿಂದ ವಾಪಸು ಬಂದೆ. ಬೆಂಚಿನಲ್ಲಿದ್ದವರು ಏನೋ ಎಂದುಕೊಂಡಿರಬೇಕು.

ಈ ತಿಂಗಳ ಐದರಂದು ಧೈರ್ಯ ಮಾಡಿದೆ. ಕುಮ್ಸಾರಿಗೆ ಕುಳಿತವರು ಹೊರಗಿನಿಂದ ಬಂದ ಮುದುಕ ಪಾದ್ರಿ, ಕಿವಿ ಮಂದ. ನಾನು ಪಿಸುಗುಟ್ಟಿದರೆ "ಗಟ್ಟಿ ಹೇಳು ಬಾಯಮ್ಮ, ಎಂತ ಕಾಳು?" ಎಂದು ಕೇಳುತ್ತಾರೆ. "ತೆನೆಯ ಕಾಳು ಫಾದರ್, ತಮ್ಮನದು" ಎಂದು ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳಬೇಕಾಯಿತು. ಈಗ ಎಲ್ಲಿ ಉಂಟು ಎಂದರು. ಆಲ್ತಾರಿನ ಹಿಂದೆ ಎಂದೆ. "ಹಾಗಾದರೆ ಇಷ್ಟು ವರ್ಷ ನೀನು ಮೊಣಕಾಲೂರಿದ್ದು ತಮ್ಮನ ಎದುರಿಗೇ," ಎಂದರು. ನನಗೆ ಅಳು ಬಂತು. ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ ಕೊಟ್ಟರು. ಏಳು ವರ್ಷಕ್ಕೆ ಮೂರಾ ಫಾದರ್, ಇನ್ನೂ ದೊಡ್ಡದು ಕೊಡಿ, ಉಪವಾಸ ಮಾಡುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು. "ದೇವರು ಕ್ಷಮಿಸಿ ಆಯ್ತು, ಅದರಲ್ಲಿ ನಿನ್ನ ಚೌಕಾಶಿ ಬೇಡ. ಆದರೆ ತಮ್ಮನ ಪಾಲನ್ನು ದೇವರು ಬಂದು ಪೋಸ್ಟಿಗೆ ಹಾಕುವುದಿಲ್ಲ. ಅದು ನಿನ್ನ ಕೆಲಸ, ಹೋಗು," ಎಂದರು.

ಕ್ಷಮೆ ಸಿಕ್ಕಿತೆಂದು ನಾನು ನಂಬುತ್ತೇನೆ. ನಂಬದಿದ್ದರೆ ಅದು ಮತ್ತೊಂದು ಅಹಂಕಾರ. ಆದರೂ ಎದೆಯ ಭಾರ ಇಳಿಯಲಿಲ್ಲ, ಯಾಕೆಂದರೆ ನಿನ್ನದು ಇನ್ನೂ ನನ್ನ ಹತ್ತಿರವೇ ಉಂಟು.

ಸೋಮವಾರ ಮೊಂತಿ ಹಬ್ಬವಾಯಿತು. ಬಾಳೆಲೆ ಆಸ್ಯಮ್ಮನ ಹಿತ್ತಲಿನದು. ಹರಿವೆ, ಬೆಂಡೆ, ಹೀರೆ, ಅಂಬಟೆ, ಕೆಸುವಿನ ದಂಟು, ಐದು ಬಗೆ ಮಾಡಿದೆ. ಅಮ್ಮ ಎಂದಿನಂತೆ ಮೂರು ಎಲೆ ಹಾಕಿಸಿದಳು. ನಿನ್ನ ಎಲೆಗೂ ಬಡಿಸಿದೆ, ಆಮೇಲೆ ಅದನ್ನು ನಾನೇ ಎತ್ತಿದೆ. ಕಾಳು ಬಿಡಿಸುವಾಗ ಅಮ್ಮ ಕೇಳಿದಳು, "ಹೋದ ವರ್ಷದ್ದು ಅವನು ತಿಂದನಂತಾ?" ತಿಂದ ಅಮ್ಮ ಎಂದೆ. ಕುಮ್ಸಾರಿನಿಂದ ಎದ್ದು ಬಂದು ಮೂರು ದಿನವಾಗಿತ್ತಷ್ಟೆ, ನೋಡು ನನ್ನ ಬಾಯಿ. ಅವಳು ನಕ್ಕಳು. ಆಮೇಲೆ ನನ್ನ ಪಾಲಿನ ಪಾಯಸವನ್ನೂ ಅವಳ ಬಟ್ಟಲಿಗೇ ಸುರಿದೆ.

ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ಹೇಳಲು ಹೆದರಿಕೆ. ನೀನು ಅವಳಿಗೆ ಎಲ್ಲ ಹೇಳಬಹುದು, ಹೇಳಬೇಡ ಎನ್ನುವ ಮುಖ ನನಗಿಲ್ಲ. ಆದರೂ ಬರೆದುಬಿಡುತ್ತೇನೆ, ಸಾಧ್ಯವಾದರೆ ಹೇಳಬೇಡ. ನಿನಗೆ ಹೆಂಡತಿ ಇದ್ದಾಳೆ, ಮಗು ಇದೆ. ಬಸ್ಸಿಳಿದು ಬಂದಾಗ "ಗೆರ್ಟಿ ಬಂದ್ಯಾ?" ಎಂದು ಕೇಳಲು ಈ ಲೋಕದಲ್ಲಿ ನನಗೆ ಇರುವ ಸ್ವರ ಅದೊಂದೇ.

ನಿನ್ನ ನಂಬರನ್ನೂ ಕ್ಯಾಲ್ವಿನ್ ಕೊಟ್ಟಿದ್ದಾನೆ. ಒತ್ತಲಿಲ್ಲ. ನಾನು ಮಾಡಿದ ಹಾಗೆ ನೀನೂ ಕಟ್ ಮಾಡಿದರೆ ಎಂದು. ಈ ವರ್ಷದ ಪೊಟ್ಟಣ ಇದರೊಳಗೆ ಇಡುತ್ತೇನೆ. ಪುಡಿ ಮಾಡಿ ಹಾಲಿಗೆ ಹಾಕುವ ಮೊದಲು ಒಂದು ಕಾಳನ್ನು ಟಾನ್ಯಾಳ ಕೈಯಲ್ಲಿ ಹಾಗೆಯೇ ಇಟ್ಟು ತೋರಿಸು. ನನ್ನನ್ನು ಕ್ಷಮಿಸು ಎಂದು ಕೇಳುತ್ತೇನೆ. ಕೂಡಲೇ ಆಗದಿದ್ದರೆ ನಿಧಾನಕ್ಕೆ ಆಗಲಿ. ಕನ್ಯಾ ಮರಿಯಮ್ಮ ನಿಮ್ಮ ಮೂವರನ್ನೂ ತನ್ನ ಸೆರಗಿನಲ್ಲಿಟ್ಟು ಕಾಯಲಿ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುವ ಯೋಗ್ಯತೆ ನನಗೆ ಉಳಿದಿದೆಯೋ ಗೊತ್ತಿಲ್ಲ, ಕೈ ಮಾತ್ರ ಇಟ್ಟಿದ್ದೇನೆ.

ನಿನ್ನ ಅಕ್ಕ,
ಗೆರ್ಟಿ

ಶನಿವಾರ ಬೆಳಿಗ್ಗೆ, ಹಾಸ್ಟೆಲಿಗೆ ರಜೆ ಹಾಕಿ, ಅವಸರದಲ್ಲಿ: ಅಮ್ಮನಿಗೆ ಹೇಳಿಬಿಟ್ಟೆ. ಗಂಜಿ ಕೊಡುವಾಗ ಅವಳು ಮತ್ತೆ "ಪೋಸ್ಟಿಗೆ ಹಾಕಿದೆಯಾ?" ಎಂದಳು, ನನ್ನಿಂದ ಆಗಲಿಲ್ಲ. ಡಬ್ಬಿ ತಂದು ಮಡಿಲಲ್ಲಿಟ್ಟೆ, ಫೋನಿನ ಮಾತನ್ನೂ ಹೇಳಿದೆ. ಬೈದಿದ್ದರೆ ಒಳ್ಳೆಯದಿತ್ತು. ಗೆರಸೆ ಕೊಡು ಎಂದಳು, ಅಷ್ಟೆ. ಏಳೂ ಹಾಳೆ ಬಿಚ್ಚಿ, ಹುಳ ಹಿಡಿದದ್ದನ್ನು ಊದಿ, ಗಟ್ಟಿ ಕಾಳನ್ನು ಬೆರಳಿನಿಂದಲೇ ಹುಡುಕಿ ಆರಿಸಿದಳು. ಅರ್ಧ ಹಿಡಿಯೂ ಆಗಲಿಲ್ಲ. ಈ ವರ್ಷದ್ದರ ಜೊತೆ ಕಟ್ಟಿದಳು. ನಾನು ಕೈ ಚಾಚಿದೆ, ಕೊಡಲಿಲ್ಲ. ಆಸ್ಯಮ್ಮನನ್ನು ಕೂಗಿ ಕರೆದು "ಇದನ್ನು ನೀನು ಹಾಕು, ಇವಳ ಕೈಯಲ್ಲಿ ಬೇಡ" ಎಂದಳು. ಆಮೇಲೆ ನನ್ನೊಡನೆ ಒಂದು ಮಾತೂ ಇಲ್ಲ, ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ರೂಡಿ, ಬಾ. ಮಗುವನ್ನೂ ಹೆಂಡತಿಯನ್ನೂ ಕರೆದುಕೊಂಡು ಬಾ, ಅವಳ ಬಲಗಣ್ಣಿನಲ್ಲಿ ನೆರಳಾದರೂ ಇರುವಾಗ ಬಾ. ನಾನು ಮನೆಯಲ್ಲಿ ಇರಬಾರದು ಎಂದಾದರೆ ಹಾಗೆ ಬರೆ, ಹಾಸ್ಟೆಲಿನಲ್ಲೇ ಮಲಗುತ್ತೇನೆ. ಆಸ್ಯಮ್ಮ ಕೊಡೆ ಹಿಡಿದು ಬಾಗಿಲಲ್ಲಿ ನಿಂತು "ಸಾಕು ಬರ್ದದ್ದು ಮಾರಾಯ್ತಿ, ಶನಿವಾರ ಬೇಗ ಮುಚ್ಚುತ್ತಾರೆ" ಎನ್ನುತ್ತಿದ್ದಾಳೆ. ಒಯ್ಯುವವಳು ಅವಳು. ಆದ್ದರಿಂದ ಈ ವರ್ಷ ನಿನ್ನ ಪಾಲು ನಿನಗೆ ತಲುಪುತ್ತದೆ.